ಸುಮ್ಮನಿರುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು

ತಮ್ಮಾ, ರೂಮ್‌ಮೇಟ್ ವಿಷಯ ವಿಚಾರಿಸೋಕೆ ನಿಮ್ಮ ಡಲ್ಲಾಸ್ ಅಪಾರ್ಟ್‌ಮೆಂಟಿಗೆ ಪೊಲೀಸರು ಬಂದಿದ್ದರು, ಬಾಗಿಲಲ್ಲೇ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ ಅಂತ ಬರೆದಿದ್ದೀಯ. ಮತ್ತೆ ಬಂದರೆ ಸುಮ್ಮನಿರಬಹುದಾ, ಹಾಗಿದ್ದರೆ ವೀಸಾಗೆ ತೊಂದರೆಯಾ ಅನ್ನೋದು ನಿನ್ನ ಪ್ರಶ್ನೆ.

ಖಂಡಿತ ಸುಮ್ಮನಿರಬಹುದು. ಇಲ್ಲಿನ ಸಂವಿಧಾನದ ಐದನೇ ತಿದ್ದುಪಡಿ ಕೊಟ್ಟಿರುವ ಹಕ್ಕದು. ಸಿಟಿಜನ್‌ಗೆ ಮಾತ್ರ ಅಲ್ಲ, ನಿನ್ನಂಥ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವನಿಗೂ ಉಂಟು. ಮೊದಲು ಉತ್ತರ ಕೊಟ್ಟಿದ್ದರೂ ನಡುವೆ ನಿಲ್ಲಿಸಬಹುದು. ನಮ್ಮ ಭಾರತದ ಸಂವಿಧಾನದಲ್ಲೂ 20(3)ನೇ ವಿಧಿ ಇದೆ, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಒತ್ತಾಯಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಕೇಸಿನಲ್ಲೇ. ಆದರೆ ಖಾಕಿ ಕಂಡರೆ ಕೇಳದ್ದನ್ನೂ ಒದರಿಬಿಡೋದು ನಮ್ಮ ಅಭ್ಯಾಸ, ಅಲ್ವಾ?

ಇಲ್ಲೊಂದು ಕೊಕ್ಕೆ ಇದೆ. ನಿನ್ನ ಟೆಕ್ಸಸ್‌ನದೇ ಕೇಸು, ಹೂಸ್ಟನ್‌ನದು. ಸಲೀನಾಸ್ ಅನ್ನುವವನನ್ನು ಕೊಲೆ ವಿಷಯಕ್ಕೆ ವಿಚಾರಿಸುತ್ತಿದ್ದರು. ಅರೆಸ್ಟ್ ಆಗಿರಲಿಲ್ಲ, ತಾನಾಗಿ ಬಂದು ಕೂತಿದ್ದ. ಎಲ್ಲದಕ್ಕೂ ಉತ್ತರ ಕೊಡುತ್ತಿದ್ದವನು, ಕೊಲೆ ನಡೆದ ಜಾಗದಲ್ಲಿ ಸಿಕ್ಕ ತೋಟಾಗಳು ನಿನ್ನ ಬಂದೂಕಿಗೆ ಹೊಂದುತ್ತವಾ ಅಂದಾಗ ಮಾತು ನಿಲ್ಲಿಸಿದ. ನೆಲ ನೋಡಿದ, ಕಾಲು ಆಡಿಸಿದ, ಕೆಳತುಟಿ ಕಚ್ಚಿದ. ಅದನ್ನೇ ಕೋರ್ಟಿನ ವಿಚಾರಣೆಯಲ್ಲಿ ಅವನ ವಿರುದ್ಧ ಬಳಸಿದರು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರ ನಿಲ್ಲಲಿಲ್ಲ. ಸುಮ್ಮನಿರುವ ಹಕ್ಕು ಬೇಕಿದ್ದರೆ ಅದನ್ನು ಬಳಸುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಬೇಕಿತ್ತಂತೆ. ನನಗಂತೂ ಇದು ಅನ್ಯಾಯ ಅನಿಸುತ್ತದೆ, ಆದರೆ ಸದ್ಯಕ್ಕೆ ಇರೋದು ಇದೇ.

ಅದಕ್ಕೇ ಸ್ಪಷ್ಟವಾಗಿ ಹೇಳು: "ಐ ಆಮ್ ಯೂಸಿಂಗ್ ಮೈ ರೈಟ್ ಟು ರಿಮೇನ್ ಸೈಲೆಂಟ್. ಐ ವಾಂಟ್ ಎ ಲಾಯರ್." ಸಂಕೋಚದಿಂದ "ಲಾಯರ್ ಹತ್ತಿರ ಮಾತಾಡಬೇಕೇನೋ" ಅನ್ನಬೇಡ. ಹಾಗೆ ಅಂದ ನೌಕಾಪಡೆಯವನೊಬ್ಬನ ಮಾತು ಲಾಯರ್ ಕೇಳಿದಂತಲ್ಲ ಅಂತ 1994ರಲ್ಲೇ ತೀರ್ಪಾಗಿದೆ. ನಿನಗೆ ಸುಮ್ಮನಿರುವ ಹಕ್ಕಿದೆ ಅಂತ ಸಿನಿಮಾದಲ್ಲಿ ಪೊಲೀಸರು ಓದುತ್ತಾರಲ್ಲ, ಆ ಮಿರಾಂಡಾ ಎಚ್ಚರಿಕೆ, ಅದಕ್ಕೂ ಕಾಯಬೇಡ. ಕಸ್ಟಡಿಯಲ್ಲಿಟ್ಟು ಪ್ರಶ್ನೆ ಕೇಳುವಾಗ ಮಾತ್ರ ಅದು ಬೇಕು. ಬಾಗಿಲಲ್ಲಿ ನಿಂತವನು ಓದಬೇಕಿಲ್ಲ.

ಸುಳ್ಳು ಮಾತ್ರ ಬೇಡ. ರೂಮ್‌ಮೇಟ್‌ನನ್ನು ಉಳಿಸೋಕೂ ಬೇಡ. ಎಫ್‌ಬಿಐನಂಥ ಫೆಡರಲ್ ಅಧಿಕಾರಿಗೆ ಬೇಕಂತಲೇ ಸುಳ್ಳು ಹೇಳಿದರೆ ಅದೇ ಒಂದು ಅಪರಾಧ, 5 ವರ್ಷದವರೆಗೆ ಜೈಲು. ಗಾಡಿ ಓಡಿಸುವಾಗ ನಿಲ್ಲಿಸಿದರೆ ಲೈಸೆನ್ಸ್, ಇನ್ಶೂರೆನ್ಸ್ ತೋರಿಸಲೇಬೇಕು. ನಮ್ಮಂಥವರು ಐ-94 (ದೇಶದೊಳಗೆ ಬಂದ ದಾಖಲೆ) ಅಥವಾ ಗ್ರೀನ್ ಕಾರ್ಡ್ ಜೊತೆಗಿಟ್ಟುಕೊಳ್ಳಬೇಕು ಅಂತಲೂ ಕಾನೂನಿದೆ.

ವೀಸಾ ವಿಷಯ. ಉತ್ತರ ಕೊಡದಿರೋದು ತಪ್ಪಲ್ಲ. ಆದರೆ ಅರೆಸ್ಟ್ ಆದರೆ, ಕೇಸು ಬಿದ್ದುಹೋದರೂ, ಮುಂದಿನ ವೀಸಾ ಅರ್ಜಿಯಲ್ಲಿ ಹೇಳಲೇಬೇಕು. ಏರ್‌ಪೋರ್ಟಿನ ಇಮಿಗ್ರೇಷನ್ ಕೌಂಟರ್ ಬೇರೆಯೇ ಲೋಕ. ಅಲ್ಲಿ ಬಾಯಿ ಮುಚ್ಚಿ ನಿಂತರೆ ವಾಪಸ್ ಕಳಿಸಬಹುದು. ಬಂಧನವಾದರೆ ಭಾರತದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕೂ ನಿನಗಿದೆ.

ಅವರು ಮತ್ತೆ ಬರುವ ಮೊದಲೇ ಒಬ್ಬ ಕ್ರಿಮಿನಲ್ ಲಾಯರ್‌ನ ಕಾಣು. ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ಸಲಹೆ ಕೊಡುವವರಿದ್ದಾರಾ ಕೇಳಿ ನೋಡು. ಅವತ್ತು ಏನೇನು ಹೇಳಿದೆ ಅನ್ನೋದನ್ನ ಮರೆಯುವ ಮುಂಚೆ ಬರೆದಿಡು. ಅದನ್ನ ಲಾಯರ್‌ಗೆ ಮಾತ್ರ ಕೊಡು, ರೂಮಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡ.