ಪ್ಸರಾದೆಸ್ ಜನಸಂಖ್ಯೆ: 1928ಕ್ಕಿಂತ ಹಿಂದೆ ಊರೇ ಸಿಗ್ತಿಲ್ಲ ಅಂದಿರಲ್ಲ, ಅದಕ್ಕೆ

ಪ್ಸರಾದೆಸ್ ಊರಿನ ಗಣತಿ ಅಂಕಿಗಳನ್ನು ಜೋಡಿಸುವಾಗ ನಿಮಗೆ ಮೂರು ತೊಡಕು ಬಂದಿವೆ: 1928ಕ್ಕಿಂತ ಹಿಂದೆ ಊರಿನ ಹೆಸರೇ ಇಲ್ಲ, 2001ಕ್ಕೆ ಎರಡು ಅಂಕಿಗಳಿವೆ, 1940ರಿಂದ 1951ಕ್ಕೆ ಜನಸಂಖ್ಯೆ ಕುಸಿದಿದೆ. ಊರು ಮಾಯವಾಗಿಲ್ಲ, ಹೆಸರು ಬದಲಾಗಿದೆ. ಗ್ರೀಸಿನ ಪ್ರೆಸ್ಪಾ ಸರೋವರದ ದಡದ ಈ ಊರಿನ ಹಳೆಯ ಹೆಸರು ನಿವಿತ್ಸ. 1920ರ ದಶಕದಲ್ಲಿ ಸರ್ಕಾರ ಆ ಭಾಗದ ನೂರಾರು ಊರುಗಳಿಗೆ ಗ್ರೀಕ್ ಹೆಸರಿಟ್ಟಿತು. ಪ್ಸರಾದೆಸ್ ಅಂದರೆ ಮೀನುಗಾರರು.

ಮೊದಲು 1913 ಮತ್ತು 1920ರ ಗಣತಿಯಲ್ಲಿ ನಿವಿತ್ಸ ಅಂತಲೇ ಹುಡುಕಿ, ಗ್ರೀಕ್ ಲಿಪಿಯಲ್ಲಿ. ಸಿಗದಿದ್ದರೆ 'ಪಾಂಡೆಕ್ಟಿಸ್' ಎಂಬ ಗ್ರೀಸಿನ ಆನ್‌ಲೈನ್ ದತ್ತಸಂಚಯದಲ್ಲಿ ಊರ ಹೆಸರುಗಳ ಬದಲಾವಣೆ ಪಟ್ಟಿ ಇದೆ, ಅಲ್ಲಿ ಕಾಗುಣಿತ ನೋಡಿಕೊಳ್ಳಿ.

2001ಕ್ಕೆ ಎರಡು ಅಂಕಿ ಸಿಕ್ಕಿದ್ದು ಬಹುಶಃ ಇದಕ್ಕೆ: ಒಂದು ಗಣತಿಯ ದಿನ ಊರಲ್ಲಿದ್ದವರ ಲೆಕ್ಕ, ಇನ್ನೊಂದು ಕಾಯಂ ವಾಸಿಗಳದ್ದು. ಗಣತಿಗೆಂದೇ ಪಟ್ಟಣದಿಂದ ಹುಟ್ಟೂರಿಗೆ ಹೋಗುವವರು ಅಲ್ಲಿ ಜಾಸ್ತಿ. ಪಟ್ಟಿಯ ತಲೆಬರಹ ನೋಡಿ, ಒಂದೇ ಬಗೆಯ ಅಂಕಿಗಳನ್ನು ಮಾತ್ರ ಹೋಲಿಸಿ.

1940 ಮತ್ತು 1951ರ ನಡುವಿನ ಕುಸಿತವನ್ನು ಮಾತ್ರ ದಯವಿಟ್ಟು ತಪ್ಪೆಂದು ಅಳಿಸಬೇಡಿ. 1946-49ರ ಗ್ರೀಕ್ ಅಂತರ್ಯುದ್ಧ ಮುಗಿದದ್ದೇ ಆ ಗಡಿಬೆಟ್ಟಗಳಲ್ಲಿ. ಅಲ್ಬೇನಿಯಾ, ಆಗಿನ ಯುಗೋಸ್ಲಾವಿಯ ಎರಡೂ ಅದೇ ಸರೋವರದ ನೀರಿನಾಚೆ ಇದ್ದವು. ಗಡಿ ದಾಟಿ ಹೋದವರಲ್ಲಿ ಎಷ್ಟೋ ಜನ ಮರಳಲೇ ಇಲ್ಲ.