ಮೀನಿನ ಟ್ಯಾಂಕಿಗೆ ಮನಿ ಪ್ಲಾಂಟ್ ಹಾಕ್ಬಹುದಾ?

ಪ್ರಶ್ನೆ: ನಮ್ಮ ಚಾವಡಿಯಲ್ಲಿ 40 ಲೀಟರಿನ ಟ್ಯಾಂಕ್ ಉಂಟು, ಗಪ್ಪಿ ಮೀನು, ಬಾವಿ ನೀರೇ ಹಾಕೋದು. ಬೇಗ ಗ್ಲಾಸಿಗೆಲ್ಲ ಪಾಚಿ ಕಟ್ತದೆ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮನಿ ಪ್ಲಾಂಟ್ ಬೇಕಾದಷ್ಟುಂಟು, ಅದನ್ನು ಇಳಿಬಿಟ್ರೆ ನೀರು ಚೇಂಜ್ ಮಾಡೋದೇ ಬೇಡ ಅಂತಾರೆ, ಹೌದಾ? ಅತ್ತೆ ಮಾತ್ರ ರಾತ್ರಿ ಗಿಡ ಗಾಳಿ ಎಳ್ಕೊಂಡು ಮೀನು ಸಾಯ್ತದೆ, ಬೇಡವೇ ಬೇಡ ಅಂತಿದ್ದಾರೆ.
– ಓದುಗಿ, ಬದಿಯಡ್ಕ

ಉತ್ತರ: ಹಾಕಿ ಅಕ್ಕ, ಧಾರಾಳ ಹಾಕಿ, ಆದ್ರೆ ನೀರು ಚೇಂಜ್ ಮಾಡೋದು ಮಾತ್ರ ಬಿಡ್ಬೇಡಿ. ಮೀನಿನ ಹೇಲು, ತಿನ್ನದೆ ಉಳಿದ ಫುಡ್ ಎಲ್ಲ ಕೊಳೆತು ಅಮೋನಿಯಾ ಆಗ್ತದೆ, ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ ಮತ್ತೆ ನೈಟ್ರೇಟ್ ಮಾಡ್ತದೆ. ಮೊದಲಿನ ಎರಡೂ ಮೀನಿಗೆ ವಿಷ, ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದ್ರೆ ಸೇರ್ತಾ ಸೇರ್ತಾ ಪಾಚಿಗೆ ಗೊಬ್ಬರ ಆಗ್ತದೆ. ಮನಿ ಪ್ಲಾಂಟ್ ಎಳ್ಕೊಳ್ಳೋದು ಇದನ್ನೇ. ನೀರೊಳಗಿನ ಗಿಡಕ್ಕೆ ಕಾರ್ಬನ್ ಡೈ ಆಕ್ಸೈಡ್ ಸಿಗೋದು ಕಷ್ಟ, ಇದರ ಎಲೆ ಗಾಳಿಯಲ್ಲೇ ಇರ್ತದಲ್ಲ, ಹಾಗಾಗಿ ಜೋರು ಬೆಳೀತದೆ, ಬೆಳೆದಷ್ಟು ಗೊಬ್ಬರ ನೀರಿನಿಂದ ಹೋಗ್ತದೆ. ಬಳ್ಳಿ ಉದ್ದ ಆದಾಗ ಕತ್ತರಿಸಿ ಹೊರಗೆ ಹಾಕಿ, ಹಳದಿ ಎಲೆ ನೀರಿಗೆ ಬಿದ್ದು ಕೊಳೆತ್ರೆ ಎಲ್ಲ ವಾಪಸ್ ಟ್ಯಾಂಕಿಗೇ.

ಅತ್ತೆ ಹೇಳಿದ್ದು ಪೂರ್ತಿ ತಪ್ಪಲ್ಲ, ಬೇರೂ ಉಸಿರಾಡ್ತದೆ, ಆದ್ರೆ ಎರಡು ಮೂರು ಬಳ್ಳಿಯಿಂದ ಮೀನು ಸಾಯುವಷ್ಟೇನೂ ಆಗೋದಿಲ್ಲ. ಎಲೆ ಬಿಡುವ ಆಕ್ಸಿಜನ್ ಚಾವಡಿಯ ಗಾಳಿಗೆ ಹೋಗ್ತದೆಯೇ ಹೊರತು ನೀರಿಗಲ್ಲ, ಹಾಗಾಗಿ ಗಿಡ ಉಂಟಲ್ಲ ಅಂತ ಏರ್ ಪಂಪ್ ತೆಗೀಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ತುಂಬ ಹೊತ್ತಾದ್ರೆ ಆವತ್ತು ಫುಡ್ಡೂ ಹಾಕ್ಬೇಡಿ.

ನನಗೆ ನಿಜವಾಗಿ ಹೆದರಿಕೆ ಆದದ್ದು ಆ ಅಡಿಕೆ ಮರದ ಬಳ್ಳಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ (ಮೈಲುತುತ್ತು, ಸುಣ್ಣ ಕಲಸಿದ ನೀರು) ಬಿಡುವಾಗ ಅದು ಬಳ್ಳಿಯ ಮೇಲೂ ಬೀಳ್ತದೆ, ಅದರಲ್ಲಿರುವ ಮೈಲುತುತ್ತಿನಲ್ಲಿ ತಾಮ್ರ ಉಂಟು, ಅದು ಮೀನಿಗೆ ಭಾರೀ ವಿಷ, ಮೆದು ನೀರಿನಲ್ಲಂತೂ (ಸುಣ್ಣದಂಥ ಲವಣ ಕಡಿಮೆ ಇರುವ ನೀರು) ಇನ್ನೂ ಜಾಸ್ತಿ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಬಾವಿ ನೀರು ಹೆಚ್ಚಾಗಿ ಅಂಥದ್ದೇ. ಎಲೆ ಮೇಲೆ ನೀಲಿ ಕಲೆ ಉಂಟಾ ನೋಡಿ, ಇದ್ರೆ ಅದು ಬೇಡ, ಮನೆಯೊಳಗಿನ ಕುಂಡದ್ದು ತೆಗೀರಿ. ಒಂದೆರಡು ಗೆಣ್ಣು ಇರುವ ತುಂಡು ಕತ್ತರಿಸಿ, ಚೆನ್ನಾಗಿ ತೊಳೆದು, ಬೇರೆ ಬಾಟ್ಲಿಯಲ್ಲಿ ಬೇರು ಬರಿಸಿ ಆಮೇಲೆ ಟ್ಯಾಂಕಿಗೆ ಬಿಡಿ. ಗೆಣ್ಣು ನೀರಲ್ಲಿ, ಎಲೆ ಪೂರ್ತಿ ಮೇಲೆ.

ಇನ್ನೊಂದು, ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟು ನೀರು ಹುಳಿ ಆಗ್ತಾ ಹೋಗ್ತದೆ, ಮೆದು ನೀರಿನಲ್ಲಿ ಅದಕ್ಕೆ ತಡೆ ಇಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ನಾಲ್ಕೈದು ಫಿಲ್ಟರ್ ಹತ್ತಿರ ಹಾಕಿಡಿ, ನಿಧಾನಕ್ಕೆ ಕರಗಿ ಸರಿ ಮಾಡ್ತದೆ, ಗಪ್ಪಿಗೂ ಸ್ವಲ್ಪ ಗಡಸು ನೀರೇ ಇಷ್ಟ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಸ್ಪಂಜನ್ನು ಆ ತೆಗೆದ ನೀರಲ್ಲೇ ಹಿಂಡಿ. ಕಿಟಕಿಯ ಬಿಸಿಲು ನೇರ ಬೀಳ್ತಿದ್ರೆ ಟ್ಯಾಂಕ್ ಜಾಗ ಬದಲಿಸಿ, ಇಲ್ಲದಿದ್ರೆ ಯಾವ ಗಿಡ ಹಾಕಿದ್ರೂ ಪಾಚಿ ಹೋಗ್ಲಿಕ್ಕಿಲ್ಲ.

ಪ್ರಶ್ನೆ: ನಮ್ಮದು ಗೋಲ್ಡ್ ಫಿಶ್, ಹಾಕಿದ ಗಿಡದ ಬೇರನ್ನೆಲ್ಲ ತಿಂದು ಮುಗಿಸ್ತದೆ. ಬೇರೆ ಯಾವ ಗಿಡ ಆಗ್ಬಹುದು?
– ಓದುಗರು, ಉಪ್ಪಳ

ಉತ್ತರ: ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್ ಆಗ್ತದೆ, ಲಕ್ಕಿ ಬ್ಯಾಂಬೂ ಕೂಡ, ಆದ್ರೆ ಅದು ಬೆಳೆಯೋದು ನಿಧಾನ. ಗೋಲ್ಡ್ ಫಿಶ್ ಯಾವ ಬೇರನ್ನೂ ಬಿಡೋದಿಲ್ಲ, ಹಾಗಾಗಿ ಬೇರಿನ ಸುತ್ತ ಪ್ಲಾಸ್ಟಿಕ್ ನೆಟ್ ಕಟ್ಟಿ ಅಥವಾ ಟ್ಯಾಂಕಿನ ಹಿಂದೆ ತೂಗಾಡಿಸುವ ಫಿಲ್ಟರ್ ಇದ್ರೆ ಅದರ ಪೆಟ್ಟಿಗೆಯೊಳಗೇ ಬೇರು ಇಳಿಸಿ. ಮನೆಯಲ್ಲಿ ಸಣ್ಣ ಮಕ್ಕಳು, ಬೆಕ್ಕು ಇದ್ರೆ ಎಲೆ ಬಾಯಿಗೆ ಸಿಗದ ಹಾಗೆ ಎತ್ತರಕ್ಕೆ ಹಬ್ಬಿಸಿ, ಸಿಂಗೋನಿಯಂ, ಮನಿ ಪ್ಲಾಂಟ್ ಎರಡೂ ಕೆಸುವಿನ ಕುಟುಂಬದ್ದೇ, ಜಗಿದ್ರೆ ಬಾಯೆಲ್ಲ ತುರಿಸ್ತದೆ.