ಐನ್‌ಮನೆ ಮುಂದಿನ ಗಾಡಿ ಬ್ಯಾಂಟಮ್ ಅಲ್ಲ, ಜಾವಾ

ಹಳೆಯ ಫೋಟೊದಲ್ಲಿ ವಿರಾಜಪೇಟೆಯ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಅಂಗಳದಲ್ಲಿ ನಿಮ್ಮ ಅಜ್ಜ ಕೂತಿರುವ ಗಾಡಿ ಬ್ರಿಟಿಷ್ ಬೈಕ್ ಬಿಎಸ್‌ಎ ಬ್ಯಾಂಟಮ್ಮೇ ಎಂದು ಕೇಳಿದ್ದೀರಿ. ಅಲ್ಲ, ಜೆಕೊಸ್ಲೊವಾಕಿಯಾ ಮೂಲದ ಜಾವಾ 250. ಸಿಲಿಂಡರ್ ಒಂದೇ ಇದ್ದರೂ ಎರಡೂ ಬದಿಗೆ ಒಂದೊಂದು ಸೈಲೆನ್ಸರ್ ಇದೆ, ಬ್ಯಾಂಟಮ್‌ಗೆ ಒಂದೇ. ಎಡಗಾಲಿನ ಬಳಿಯ ಲಿವರ್ ನೋಡಿ: ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಅದೊಂದೇ. ಬ್ಯಾಂಟಮ್‌ನ ಕಿಕ್ಕರ್ ಬಲಗಡೆ ಇರುತ್ತದೆ. ಆದರೆ ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರೆ ಎಡಬಲ ಅದಲುಬದಲಾಗುತ್ತದೆ, ಹಾಗಾಗಿ ಮೊದಲು ನಂಬರ್ ಪ್ಲೇಟಿನ ಅಕ್ಷರ ನೆಟ್ಟಗಿದೆಯೇ ಖಚಿತಪಡಿಸಿಕೊಳ್ಳಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಿಕೆ ಶುರುವಾದದ್ದು 1961ರಲ್ಲಿ. ಫೋಟೊ ಅದಕ್ಕಿಂತ ಹಳೆಯದಾದರೆ ಗಾಡಿ ಜೆಕೊಸ್ಲೊವಾಕಿಯಾದಿಂದಲೇ ಬಂದದ್ದು. ದಯವಿಟ್ಟು ಮೊಬೈಲ್‌ನಲ್ಲಿ ಮರುಫೋಟೊ ತೆಗೆಯಬೇಡಿ, ಹೊಳಪು ಬಿದ್ದು ವಿವರ ಹೋಗುತ್ತದೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಟ್ಯಾಂಕ್ ಮತ್ತು ನಂಬರ್ ಪ್ಲೇಟ್ ಕಾಣುವ ಭಾಗವನ್ನು ಇಲ್ಲಿ ಹಾಕಿ.